ಪೂರ್ವಕ್ಕೆ ತಿರುಗಿದ ಕಲ್ಲು

ಯೆರೆವಾನ್
15 ಅಕ್ಟೋಬರ್ 2000

ಹೈಕಾನುಶ್ ಅಕ್ಕನಿಗೆ ತಮ್ಮ ಮೆಸ್ರೋಪನ ನಮಸ್ಕಾರ.

ನಿನ್ನ ಕಾಲು ಹೇಗಿದೆ? ಚಳಿ ಬೀಳುವ ಮೊದಲೇ ಉಣ್ಣೆಪಟ್ಟಿ ಸುತ್ತಿಕೋ. ಆಮೇಲೆ ನೋವಿಗೆ ಹಲ್ಲು ಕಚ್ಚಿಕೊಂಡು ಕೂರಬೇಡ.

ನಾನು ಈಗ ಹೊಸ ಕೆಥೆಡ್ರಲಿನ ಉತ್ತರದ ಗೋಡೆಯ ಕಲ್ಲು ಕೆಲಸದಲ್ಲಿದ್ದೇನೆ. ಬರುವ ವರ್ಷಕ್ಕೆ ನಮ್ಮ ನಾಡು ಕ್ರಿಸ್ತನನ್ನು ಒಪ್ಪಿ ಸಾವಿರದ ಏಳುನೂರು ವರ್ಷ, ಅಷ್ಟರೊಳಗೆ ಮುಗಿಸಬೇಕೆಂದು ಬೆನ್ನು ಹತ್ತಿದ್ದಾರೆ. ಒಳಗೆ ಬೆಂಚುಗಳು ಬರುತ್ತವಂತೆ. ಅಪ್ಪ ಇದ್ದಿದ್ದರೆ "ದೇವರ ಮುಂದೆ ಕೂತ್ಕೊಳ್ಳೋಕೆ ಇವರಿಗೇನು ಕಾಲು ಮುರಿದಿದ್ಯಾ?" ಎಂದು ಕೇಳುತ್ತಿದ್ದ. ಊರಿನ ಜನವೂ ಬಿಡುವುದಿಲ್ಲ. ನಿನ್ನೆ ಟ್ಯಾಕ್ಸಿಯವನೊಬ್ಬ ಬೇಲಿಯ ಆಚೆ ಗಾಡಿ ನಿಲ್ಲಿಸಿ, "ಮೇಸ್ತ್ರಿ, ಮಾಸ್ಕೋ ರೈಲು ಯಾವ ಪ್ಲಾಟ್‌ಫಾರ್ಮಿಗೆ ಬರುತ್ತೆ?" ಎಂದ.

ಮೊದಮೊದಲು ನನಗೂ ಹಾಗೇ ಅನ್ನಿಸುತ್ತಿತ್ತು. ನಮ್ಮ ಹಳೆಯ ಚರ್ಚುಗಳಲ್ಲಿ ಕತ್ತಲು ಇರುತ್ತದೆ, ಹೊಗೆ ಇರುತ್ತದೆ, ಅತ್ತರೆ ಯಾರಿಗೂ ಕಾಣುವುದಿಲ್ಲ. ಇಲ್ಲಿ ಎಲ್ಲವೂ ಬಯಲು. ಆದರೆ ಹೋದ ಮಂಗಳವಾರ ಬೆಳಿಗ್ಗೆ ಬಿಸಿಲು ಮೇಲಿನ ಕಿಟಕಿಗಳಿಂದ ಬರಿಯ ಗೋಡೆಯ ಮೇಲೆ ಬಿತ್ತು. ನಲವತ್ತು ಜನ ಕೆಲಸದವರು, ಒಬ್ಬರೂ ಹೇಳಲಿಲ್ಲ ಕೇಳಲಿಲ್ಲ, ಸುತ್ತಿಗೆ ಕೆಳಗಿಟ್ಟು ಟೋಪಿ ತೆಗೆದರು. ನನಗೆ ಅಳು ಬಂತು ಅಕ್ಕ. ಈಗ ಯಾರಾದರೂ ರೈಲ್ವೆ ಸ್ಟೇಷನ್ ಅಂದರೆ ಸಿಟ್ಟು ಬರುತ್ತದೆ.

ನಿನ್ನ ಪಕ್ಕದ ಮನೆ ಮಾರ್ಗೂಶ್ ಫೋನಿನಲ್ಲಿ ಎಲ್ಲ ಹೇಳಿದಳು. ಹೊಸ ಮನೆ ಕೊಡುವವರ ಪಟ್ಟಿಯಲ್ಲಿ ನಿನ್ನ ಹೆಸರು ಬಂದಿದೆ. ಎರಡು ಕೋಣೆಯ ಮನೆ, ನಲ್ಲಿಯಲ್ಲಿ ಬಿಸಿನೀರು. ಮಾರ್ಚ್ ಮುಗಿಯುವುದರೊಳಗೆ ಒಪ್ಪಿಗೆ ಕೊಡಬೇಕು. ಕೊಡು. ಭೂಕಂಪವಾಗಿ ಹನ್ನೆರಡು ವರ್ಷವಾಯಿತು, ಆಗ ತಾತ್ಕಾಲಿಕವಾಗಿ ಇರಲು ಕೊಟ್ಟ ಆ ತಗಡಿನ ಡಬ್ಬದಲ್ಲಿ ಇನ್ನೂ ಎಷ್ಟು ಚಳಿಗಾಲ ಕಳೆಯುತ್ತೀ? ನೀನು ಯಾಕೆ ಹೊರಡುವುದಿಲ್ಲ ಎಂದು ನನಗೆ ಗೊತ್ತು. ಮಗ ತಾತುಲ್ ಬಂದರೆ ಹಳೆಯ ಮನೆ ಇದ್ದ ಜಾಗಕ್ಕೇ ಬರುತ್ತಾನೆ, ತಾಯಿ ಅಲ್ಲೇ ಇರಬೇಕು ಎಂದು. ಬಾಗಿಲಿಗೆ ಹೊಸ ವಿಳಾಸ ಬರೆದು ಅಂಟಿಸಿದರಾಯಿತು. ಆಗ ಗಾಯಾಳುಗಳನ್ನು ವಿಮಾನದಲ್ಲಿ ಒಯ್ದ ರಷ್ಯದ ಆಸ್ಪತ್ರೆಗಳಿಗೆ ಅವನ ಸುಳಿವು ಕೇಳಿ ನಾನು ಮತ್ತೆ ಕಾಗದ ಹಾಕಿದ್ದೇನೆ.

ನಿನ್ನ ಮೆಸ್ರೋಪ್


ಗ್ಯುಮ್ರಿ
4 ನವೆಂಬರ್ 2000

ತಮ್ಮಾ,

ಕಾಲು ಇದ್ದಲ್ಲೇ ಇದೆ. ನಾನು ಹೋದ ಕಡೆಗೆಲ್ಲ ಐದು ನಿಮಿಷ ತಡವಾಗಿ ಬರುತ್ತದೆ. ಅಪ್ಪ ಏನಾದರೂ ಅಂದುಕೊಳ್ಳಲಿ, ನಿನ್ನ ಬೆಂಚಿನ ಮೇಲೆ ನಾನಂತೂ ಕೂರುವವಳೇ.

ನೀನು ಪೂರ್ತಿ ಯೆರೆವಾನಿನವನಾಗಿಬಿಟ್ಟೆ. ಗ್ಯುಮ್ರಿಯವನಾಗಿದ್ದರೆ ಆ ಟ್ಯಾಕ್ಸಿಯವನ ಹತ್ತಿರ ಟಿಕೆಟ್ ಕೇಳುತ್ತಿದ್ದೆ, ಸಿಟ್ಟು ಮಾಡಿಕೊಳ್ಳುತ್ತಿರಲಿಲ್ಲ. ನಮ್ಮ ಚೌಕದ ಚರ್ಚಿನ ಮುಂದೆ ಬಿದ್ದ ಗೋಪುರ ಇನ್ನೂ ಹುಲ್ಲಿನ ಮೇಲೆ ಬಿದ್ದೇ ಇದೆ, ಬೋರಲು ಹಾಕಿದ ಮಡಕೆಯಂತೆ. ಮೇಕೆಗಳು ಅದರ ನೆರಳಿನಲ್ಲಿ ಮಲಗುತ್ತವೆ. ಮೊನ್ನೆ ಪಾದ್ರಿಗಳು, "ನೋಡಮ್ಮ, ಮುಂಚೆ ಗೋಪುರ ನೋಡ್ಬೇಕಾದ್ರೆ ಕತ್ತು ಎತ್ತಬೇಕಿತ್ತು, ಈಗ ನಮ್ಮಂಥ ಮುದುಕರಿಗೆ ಅನುಕೂಲ" ಎಂದರು. ಇಬ್ಬರೂ ನಕ್ಕೆವು.

ಮನೆಯ ವಿಷಯ. ಮಾರ್ಗೂಶಳ ಬಾಯಿಗೆ ಬೀಗವೇ ಇಲ್ಲ. ಆ ಮನೆ ಊರಿನ ಆ ತುದಿಯಲ್ಲಿದೆ, ಎರಡು ಬಸ್ಸು ಬದಲಿಸಬೇಕು. ನನಗೆ ಇಲ್ಲಿಯೇ ಅನುಕೂಲ. ಒಲೆ ಇದೆ, ಕಿಟಕಿಯಲ್ಲಿ ಎರಡು ಕುಂಡ ಇವೆ, ನಾನು ದಿನವೂ ನಡೆದು ಹೋಗುವ ದಾರಿ ಇದೆ. ಆ ದಾರಿ ಬಿಟ್ಟು ಹೋದರೆ ನಾನು ಒಂದು ವಾರವೂ ಬದುಕುವುದಿಲ್ಲ.

ರಷ್ಯದವರು ಏನಾದರೂ ಬರೆದರೆ ತಿಳಿಸು.

ಈ ಸಲವಾದರೂ ಡಿಸೆಂಬರ್ ಏಳಕ್ಕೆ, ಭೂಕಂಪದ ದಿನಕ್ಕೆ, ಬಾ. ಹನ್ನೆರಡು ವರ್ಷದಲ್ಲಿ ಒಂದು ಸಲವೂ ಆ ದಿನ ನೀನು ಊರಿಗೆ ಬಂದಿಲ್ಲ. ನಾನೊಬ್ಬಳೇ ಮೇಣದಬತ್ತಿ ಹಚ್ಚುತ್ತೇನೆ, ನಾನೊಬ್ಬಳೇ ಆರಿಸುತ್ತೇನೆ. ಬೇಜಾರು, ಮೆಸ್ರೋಪ್.

ಹೈಕಾನುಶ್


ಯೆರೆವಾನ್
12 ಡಿಸೆಂಬರ್ 2000

ಅಕ್ಕಾ,

ಬರಲಾಗಲಿಲ್ಲ. ಆ ವಾರ ಕಮಾನಿನ ಕಲ್ಲು ಕೂರಿಸುವುದಿತ್ತು, ಮೇಸ್ತ್ರಿ ಇಲ್ಲದೆ ಆಗುವ ಕೆಲಸವಲ್ಲ. ಬೈಯಬೇಡ. ರಷ್ಯದಿಂದ ಉತ್ತರ ಬಂದಿಲ್ಲ.

ಇಲ್ಲಿ ಒಂದು ಜಗಳವಾಯಿತು. ಅಂಗಳದಲ್ಲಿ ನಿಲ್ಲಿಸಲು ಒಂದು ಶಿಲುಬೆಗಲ್ಲು ಕೆತ್ತಿದ್ದೆ. ಮೂರು ತಿಂಗಳ ಕೆಲಸ, ಬಳ್ಳಿ, ದಾಳಿಂಬೆ, ಎಲ್ಲ ಕೈಯಲ್ಲೇ. ಹೊಸದಾಗಿ ಬಂದ ಎಂಜಿನಿಯರ್ ಒಬ್ಬ ಕ್ರೇನು ತರಿಸಿ, ರಸ್ತೆಯಿಂದ ಚೆನ್ನಾಗಿ ಕಾಣಲಿ ಎಂದು ಅದರ ಮುಖವನ್ನು ಪೂರ್ವಕ್ಕೆ ತಿರುಗಿಸಿ ನಿಲ್ಲಿಸಿಬಿಟ್ಟಿದ್ದ. ನನಗೆ ತಲೆ ಕೆಟ್ಟುಹೋಯಿತು. "ಏನಯ್ಯಾ, ಕಲ್ಲಿನ ಮುಖ ಪಶ್ಚಿಮಕ್ಕಿರಬೇಕು, ಅದರ ಮುಂದೆ ನಿಂತು ತಲೆಬಾಗೋನು ಸೂರ್ಯ ಹುಟ್ಟೋ ಕಡೆ ನೋಡಬೇಕು. ಜನಾನ ಕತ್ತಲಿನ ಕಡೆ ತಿರುಗಿಸಿ ಪ್ರಾರ್ಥನೆ ಮಾಡಿಸ್ತೀಯಾ?" ಎಂದೆ. ಅವನು, "ತಾತ, ಕಲ್ಲಿಗೆ ದಿಕ್ಕು ಗೊತ್ತಾಗುತ್ತಾ?" ಎಂದ. ಮತ್ತೆ ಕ್ರೇನು ತರಿಸಿ ತಿರುಗಿಸುವವರೆಗೂ ನಾನು ಊಟ ಮಾಡಲಿಲ್ಲ.

ಎಲ್ಲ ಕಲ್ಲನ್ನೂ ಯಂತ್ರ ಕೊಯ್ಯುತ್ತದೆ, ಆದರೂ ನಾನು ಕೂರಿಸಿದ ಕಲ್ಲಿನ ಮೂಲೆಯಲ್ಲಿ ನನ್ನ ಗುರುತು ಹಾಕುತ್ತೇನೆ. ಅಪ್ಪನ ಹಕ್ಕಿಹೆಜ್ಜೆ, ಮೂರು ಗೆರೆ, ಅದರ ಕೆಳಗೆ ನನ್ನದೊಂದು ಅಡ್ಡಗೆರೆ. ಎಂಜಿನಿಯರ್ ನಗುತ್ತಾನೆ. ಗುರುತು ಹಾಕದ ಕಲ್ಲನ್ನು ಬಿಟ್ಟು ಬರುವುದು ನನಗೆ ಗೊತ್ತಿಲ್ಲ, ಏನು ಮಾಡಲಿ.

ಉತ್ತರದ ಗೋಡೆಯ ಒಂದು ಕಲ್ಲಿನ ಬೆನ್ನಿಗೆ ಬೇರೆ ಏನನ್ನೋ ಕೆತ್ತಿದ್ದೇನೆ. ಅದರ ಹಿಂದೆ ಕಾಂಕ್ರೀಟು ಸುರಿದಾಗಿದೆ, ಇನ್ನು ಯಾರೂ ನೋಡಲಾರರು. ಏನೆಂದು ಈಗ ಹೇಳುವುದಿಲ್ಲ.

ಆ ಮನೆಗೆ ಒಪ್ಪಿಗೆ ಕೊಡು. ನಿನ್ನ ಕಾಲಿಗೆ ಬೀಳುತ್ತೇನೆ.

ಮೆಸ್ರೋಪ್


ಗ್ಯುಮ್ರಿ
20 ಜನವರಿ 2001

ತಮ್ಮಾ,

ಕ್ರಿಸ್ಮಸ್ಸಿಗೆ ಒಣದ್ರಾಕ್ಷಿ ಅನ್ನ ಮಾಡಿದೆ, ಮಾರ್ಗೂಶ್ ಮೀನು ತಂದಳು. ಅವಳ ಮೊಮ್ಮಕ್ಕಳಿಬ್ಬರೂ ಬಂದು ನನ್ನ ಒಲೆಯ ಮುಂದೆ ನಿದ್ದೆ ಹೋದರು. ಅವರ ಡಬ್ಬದ ಗೋಡೆಗೆ ಈ ವರ್ಷ ಒಳಗಡೆಯೂ ಹಿಮ ಕಟ್ಟಿದೆ.

ಆ ಎಂಜಿನಿಯರನ್ನು ಅಷ್ಟು ಬೈಯಬಾರದಿತ್ತು. ಕೈ ಪಳಗಿದವರೂ ಆ ತಪ್ಪು ಮಾಡಿದ್ದನ್ನು ನಾನು ನೋಡಿದ್ದೇನೆ.

ಗುರುತಿನ ವಿಷಯ ಬರೆದೆಯಲ್ಲ, ಅಪ್ಪನ ಕೈ ನೆನಪಾಯಿತು. ಸಾಯುವ ಹೊತ್ತಿಗೆ ಎದೆಯ ತುಂಬ ಕಲ್ಲಿನ ಧೂಳು, ಒಂದು ಮಾತಾಡಿದರೆ ನಾಲ್ಕು ಸಲ ಕೆಮ್ಮು. ಅದಕ್ಕೇ ತಾತುಲ್‌ನನ್ನು ಕಲ್ಲಿನ ಹತ್ತಿರ ಬಿಡಬೇಡ ಎಂದು ನಿನ್ನಿಂದ ಆಣೆ ಮಾಡಿಸಿಕೊಂಡಿದ್ದೆ. ಅವನು ಕಾಲೇಜಿಗೆ ಹೋಗಿ ಓದಲಿ, ಬಿಳಿ ಅಂಗಿ ಹಾಕಲಿ ಎಂದು ನನಗೆ ಆಸೆ. ಒಂದು ಸಂಜೆ ಅವನ ಕೂದಲಲ್ಲಿ ಗುಲಾಬಿ ಬಣ್ಣದ ಧೂಳು ಇತ್ತು. "ಏನೋ ಇದು?" ಎಂದೆ. "ಕಾಲೇಜಿನ ಗೋಡೆಗೆ ಒರಗಿದ್ದೆ ಅಮ್ಮ" ಎಂದ. ಬಾಚಣಿಗೆ ತಗೊಂಡು ಬಾಚಿದೆ. ಆ ದಿನ ನೀನೂ ಊಟಕ್ಕೆ ಬಂದಿದ್ದೆ. ನೆನಪಿದೆಯಾ ನಿನಗೆ?

ಕಲ್ಲಿನ ಬೆನ್ನಿಗೆ ಏನು ಕೆತ್ತಿದೆ?

ಹೈಕಾನುಶ್


ಗ್ಯುಮ್ರಿ
2 ಏಪ್ರಿಲ್ 2001

ಮೆಸ್ರೋಪ್,

ಎರಡು ತಿಂಗಳಾಯಿತು, ನಿನ್ನಿಂದ ಒಂದು ಸಾಲೂ ಇಲ್ಲ. ಕಾಯಿಲೆಯೇ? ಸಿಟ್ಟೇ? ನಾನು ಏನು ತಪ್ಪು ಬರೆದೆ?

ಮಾರ್ಚ್ ಮುಗಿಯಿತು. ಆ ಮನೆ ಮಾರ್ಗೂಶಳ ಸೊಸೆಗೆ ಹೋಯಿತು. ನಾನೇ ಕಚೇರಿಗೆ ಹೋಗಿ, "ನನಗೆ ಬೇಡ, ಪಟ್ಟಿಯಲ್ಲಿ ಮುಂದಿನ ಹೆಸರು ಅವಳದು, ಅವಳಿಗೆ ಕೊಡಿ, ಎರಡು ಎಳೆ ಮಕ್ಕಳಿವೆ" ಎಂದು ಬರೆದುಕೊಟ್ಟೆ. ನೀನು ಕೂಗಾಡುತ್ತೀ, ಗೊತ್ತು. ಕೂಗಾಡಿಯಾದರೂ ಬರೆ.

ಹೈಕಾನುಶ್


ಯೆರೆವಾನ್
30 ಏಪ್ರಿಲ್ 2001

ಅಕ್ಕಾ,

ನಿನಗೆ ಬುದ್ಧಿ ನೆಟ್ಟಗಿದೆಯಾ? ಬಿಸಿನೀರಿನ ಮನೆಯನ್ನು ಕೈಯಾರೆ ಕೊಟ್ಟುಬಿಟ್ಟೆಯಲ್ಲ. ಇನ್ನು ಎಷ್ಟು ವರ್ಷ ಆ ತಗಡಿನೊಳಗೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂರುತ್ತೀ? ಕಾದದ್ದು ಸಾಕು. ಅವನು ಬರುವುದಿಲ್ಲ.

ಮೇಲಿನ ಸಾಲನ್ನು ಮರೆತುಬಿಡು. ಸಿಟ್ಟಿನಲ್ಲಿ ಕೈ ಓಡಿತು. ಕಾಗದ ಹರಿದು ಮತ್ತೆ ಬರೆಯೋಣವೆಂದರೆ ಮತ್ತೆ ಬರೆಯುವ ಧೈರ್ಯ ನನಗಿಲ್ಲ.

ಗೋಪುರದ ಮೇಲೆ ಶಿಲುಬೆ ನಿಂತಿತು. ಕೆಳಗಿನಿಂದ ನೋಡಿದರೆ ಚಿಕ್ಕದಾಗಿ ಕಾಣುತ್ತದೆ. ಸೆಪ್ಟೆಂಬರಿನಲ್ಲಿ ಗೋಡೆಗಳಿಗೆ ಪವಿತ್ರ ತೈಲ ಹಚ್ಚಿ ಪ್ರತಿಷ್ಠೆ ಮಾಡುತ್ತಾರೆ. ಬರುತ್ತೀಯಾ?

ಮೆಸ್ರೋಪ್


ಗ್ಯುಮ್ರಿ
20 ಮೇ 2001

ಮೆಸ್ರೋಪ್,

ಆ ಸಾಲನ್ನು ಮರೆಯಲಿಲ್ಲ.

ಅವನು ಬರುವುದಿಲ್ಲ ಎಂದು ನಿನಗೆ ಹೇಗೆ ಗೊತ್ತು? ಒಂದೇ ಸಲ ಕೇಳುತ್ತಿದ್ದೇನೆ, ಇನ್ನೊಮ್ಮೆ ಕೇಳುವುದಿಲ್ಲ. ನೀನು ಬರೆಯುವವರೆಗೆ ನಾನೂ ಬರೆಯುವುದಿಲ್ಲ.

ಹೈಕಾನುಶ್


ಯೆರೆವಾನ್
3 ಸೆಪ್ಟೆಂಬರ್ 2001

ಅಕ್ಕಾ,

ಮೂರು ತಿಂಗಳು ಈ ಕಾಗದವನ್ನು ಬರೆದು ಬರೆದು ಹರಿದಿದ್ದೇನೆ. ಇವತ್ತು ಹರಿಯುವುದಿಲ್ಲ.

ನಮ್ಮ ತಾತುಲ್ ಸತ್ತಿದ್ದಾನೆ. ನಾನೇ ಅವನನ್ನು ಹೊರಗೆ ತೆಗೆದೆ, ನಾನೇ ಮಣ್ಣು ಮಾಡಿದೆ. ರಷ್ಯದ ಯಾವ ಆಸ್ಪತ್ರೆಗೂ ನಾನು ಯಾವತ್ತೂ ಕಾಗದ ಹಾಕಲಿಲ್ಲ.

ಆಗ ನೀನು ಮಾಸ್ಕೋದಲ್ಲಿದ್ದೆ, ಕಾಲು ಕತ್ತರಿಸಬೇಕೋ ಬೇಡವೋ ಎನ್ನುತ್ತಿದ್ದರು. ಈಗ ಹೇಳಬೇಡಿ, ಹೇಳಿದರೆ ಅವಳು ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದರು. ಆದರೆ ಡಾಕ್ಟರನ್ನು ಮುಂದೆ ಮಾಡಿಕೊಂಡು ತಪ್ಪಿಸಿಕೊಳ್ಳಲಾರೆ. ಐದು ತಿಂಗಳ ನಂತರ ನೀನು ಊರಿಗೆ ಬಂದೆ. ಆಗ ಹೇಳಬಹುದಿತ್ತು. ಹೇಳಿದರೆ "ಎಲ್ಲಿ ಸಿಕ್ಕಿದ?" ಎಂದು ನೀನು ಕೇಳುತ್ತಿದ್ದೆ. ಆ ಪ್ರಶ್ನೆಗೆ ಹೆದರಿ ಹನ್ನೆರಡು ವರ್ಷ ಸುಳ್ಳು ಹೇಳಿದೆ.

ಅವನು ಕಾಲೇಜಿನಲ್ಲಿರಲಿಲ್ಲ ಅಕ್ಕ. ನಿನಗೆ ಆಣೆ ಮಾಡಿದ್ದೆನಲ್ಲ, ಅದನ್ನು ಆ ವರ್ಷದ ಬೇಸಿಗೆಯಲ್ಲೇ ಮುರಿದಿದ್ದೆ. ವಾರಕ್ಕೆ ಎರಡು ದಿನ ಅವನು ಕ್ಲಾಸು ತಪ್ಪಿಸಿ ನನ್ನ ಹತ್ತಿರ ಕಲ್ಲು ಕೆಲಸ ಕಲಿಯುತ್ತಿದ್ದ. ಅವನ ಕೈಯಲ್ಲಿ ಅಪ್ಪನ ಕೈ ಇತ್ತು, ನನಗೆ ಬೇಡವೆನ್ನಲು ಆಗಲಿಲ್ಲ. ಆ ಬುಧವಾರ ನಾವು ನದಿಯ ಆಚೆ ಒಂದು ಗೋಡೆ ಕಟ್ಟುತ್ತಿದ್ದೆವು. ಕಲ್ಲಿನ ಮುಖ ಸವರುವ ನನ್ನ ಹಲ್ಲಿನ ಉಳಿಯನ್ನು ಮನೆಯಲ್ಲೇ ಮರೆತು ಬಂದಿದ್ದೆ. ಹನ್ನೊಂದು ಗಂಟೆಗೆ, "ಓಡಿ ಹೋಗಿ ತಗೊಂಡು ಬಾ" ಎಂದೆ. "ಅರ್ಧ ಗಂಟೆ ಮಾವ, ನೀವು ಅಷ್ಟರಲ್ಲಿ ಟೀ ಕುಡೀರಿ" ಎಂದ. ನಾನು ಟೀ ಕುಡಿಯುತ್ತಿದ್ದಾಗ ನೆಲ ಎದ್ದಿತು. ನಾವು ಕಟ್ಟುತ್ತಿದ್ದ ಗೋಡೆ ಬೀಳಲಿಲ್ಲ. ನನ್ನ ಮನೆಯಿದ್ದ ಒಂಬತ್ತು ಮಹಡಿಯ ಕಟ್ಟಡ ಬಿತ್ತು.

ಶುಕ್ರವಾರ ಮಧ್ಯಾಹ್ನ ಮೆಟ್ಟಿಲ ಕೆಳಗೆ ಸಿಕ್ಕಿದ. ಮುಖಕ್ಕೆ ಏನೂ ಆಗಿರಲಿಲ್ಲ. ಉಳಿಯನ್ನು ಮಫ್ಲರಿನಲ್ಲಿ ಸುತ್ತಿ ಕೈಯಲ್ಲಿ ಹಿಡಿದಿದ್ದ. ಅದನ್ನು ಅವತ್ತಿನಿಂದ ಇವತ್ತಿನವರೆಗೆ ನಾನು ಕೆಲಸಕ್ಕೆ ಬಳಸಿಲ್ಲ, ಬಿಸಾಡಿಯೂ ಇಲ್ಲ.

ಸ್ಮಶಾನದ ಮೇಲಿನ ಭಾಗದಲ್ಲಿ ಮೂರನೇ ಸಾಲು. ನೀನಿನ್ನೂ ಮಾಸ್ಕೋದಲ್ಲಿದ್ದ ಆ ಮಾರ್ಚಿನಲ್ಲಿ, ಹಿಮ ಬೀಳುತ್ತಿದ್ದಾಗ ಒಬ್ಬನೇ ಹೋಗಿ ಒಂದು ಚಿಕ್ಕ ಶಿಲುಬೆಗಲ್ಲು ನಿಲ್ಲಿಸಿ ಬಂದೆ. ಹೆಸರು ಬರೆದರೆ ನಿನಗೆ ಗೊತ್ತಾಗುತ್ತದೆಂದು ಬರೆಯಲಿಲ್ಲ. ಮತ್ತೆ ಆ ಕಡೆ ಕಾಲಿಡಲು ನನ್ನಿಂದ ಆಗಲಿಲ್ಲ. ಕೆಥೆಡ್ರಲಿನ ಆ ಕಲ್ಲಿನ ಬೆನ್ನಿಗೆ ಕೆತ್ತಿದ್ದು ಅವನ ಹೆಸರು. ಬಾಗಿಲಿನಿಂದ ಒಳಗೆ ಬಂದು ಎಡಗಡೆಗೆ ನಡೆದರೆ ಆ ಗೋಡೆಯಲ್ಲಿದೆ. ನಾಡಿನ ಅತಿ ದೊಡ್ಡ ಚರ್ಚು, ದಿನವೂ ಪ್ರಾರ್ಥನೆ ನಡೆಯುತ್ತದೆ, ಅವನ ಹೆಸರು ಅದನ್ನು ಕೇಳುತ್ತಿರಲಿ ಎಂದುಕೊಂಡೆ.

ಇನ್ನು ಆ ಡಬ್ಬದಲ್ಲಿ ನೀನು ಕಾಯಬೇಕಾಗಿಲ್ಲ. ನನ್ನನ್ನು ತಮ್ಮ ಎಂದು ಕರೆಯಬೇಕಾಗಿಯೂ ಇಲ್ಲ.

ಮೆಸ್ರೋಪ್


ಗ್ಯುಮ್ರಿ
19 ನವೆಂಬರ್ 2001

ಮೆಸ್ರೋಪ್,

ನಿನ್ನ ಕಾಗದವನ್ನು ಓದಿ ಒಲೆಗೆ ಹಾಕಲು ಎದ್ದೆ. ಹಾಕಲಿಲ್ಲ. ಹಿಟ್ಟಿನ ಡಬ್ಬದ ಕೆಳಗಿಟ್ಟೆ. ಎರಡು ತಿಂಗಳು ಅದರ ಮೇಲಿನಿಂದಲೇ ರೊಟ್ಟಿಗೆ ಹಿಟ್ಟು ತೆಗೆದಿದ್ದೇನೆ.

ಸಮಾಧಿ ನನಗೆ ಗೊತ್ತಿತ್ತು. ಮಾಸ್ಕೋದಿಂದ ಬಂದ ಮೇಲೆ ಊರುಗೋಲು ಹಿಡಿದು ಒಂದೊಂದೇ ಸ್ಮಶಾನ, ಒಂದೊಂದೇ ಸಾಲು, ಹೆಸರು ಓದುತ್ತಾ ಹೋದೆ. ಜೂನ್ ತಿಂಗಳಲ್ಲಿ ಮೂರನೇ ಸಾಲಿನಲ್ಲಿ ಹೆಸರಿಲ್ಲದ ಒಂದು ಕಲ್ಲು ಸಿಕ್ಕಿತು. ಕೆಳಗಿನ ಮೂಲೆಯಲ್ಲಿ ಹಕ್ಕಿಹೆಜ್ಜೆ, ಅದರಡಿ ಅಡ್ಡಗೆರೆ. ನಮ್ಮ ಮೆಸ್ರೋಪ್ ಪರರಿಗೆ ಹೆಸರಿಲ್ಲದ ಕಲ್ಲು ಕೆತ್ತುವವನಲ್ಲ ಎಂದುಕೊಂಡೆ. ಅಲ್ಲೇ ಕೂತು ಸಂಜೆಯವರೆಗೆ ಅತ್ತೆ. ಮನೆಗೆ ಬಂದಾಗ ನೀನು, "ಅಕ್ಕ, ರಷ್ಯಕ್ಕೆ ಕಾಗದ ಹಾಕಿದ್ದೀನಿ, ಉತ್ತರ ಬರುತ್ತೆ" ಎಂದೆ. ನಿನ್ನ ಮುಖ ನೋಡಿದೆ. ನನಗೆ ಗೊತ್ತು ಅಂದಿದ್ದರೆ ನೀನು ಅಲ್ಲೇ ಕುಸಿದುಬಿಡುತ್ತಿದ್ದೆ. ನನಗೆ ಉಳಿದಿದ್ದವನು ನೀನೊಬ್ಬ. ನಿನ್ನ ಸುಳ್ಳನ್ನು ನುಂಗಿಕೊಂಡೆ, ಆಮೇಲೆ ಅದೇ ಅಭ್ಯಾಸವಾಯಿತು.

ಕಾದು ಕೂತಿದ್ದೇನೆ ಎಂದು ನೀನು ಅಂದುಕೊಂಡೆ. ನಾನು ಯಾರನ್ನೂ ಕಾಯುತ್ತಿರಲಿಲ್ಲ. ಇಲ್ಲಿಂದ ಸ್ಮಶಾನಕ್ಕೆ ನನ್ನ ಈ ಕಾಲಿನಲ್ಲಿ ಇಪ್ಪತ್ತು ನಿಮಿಷ. ದಿನವೂ ಹೋಗುತ್ತೇನೆ. ಆ ಹೊಸ ಮನೆಯಿಂದ ಹೋಗಲಾಗುತ್ತಿರಲಿಲ್ಲ, ಅಷ್ಟೇ.

ಉಳಿಯ ವಿಷಯ ಗೊತ್ತಿರಲಿಲ್ಲ. ಅವನು ಕಾಲೇಜಿನಲ್ಲೇ ಸತ್ತ, ನನಗೆ ಹೇಳಲಾರದೆ ನೀನು ಒದ್ದಾಡುತ್ತಿದ್ದೀ ಎಂದುಕೊಂಡಿದ್ದೆ. ಓದಿದ ದಿನ ನಿನ್ನನ್ನು ಶಪಿಸಿದೆ. ಮರುದಿನ ಸ್ಮಶಾನಕ್ಕೆ ಹೋಗಿ ಅವನಿಗೂ ಬೈದೆ. "ಕಾಲೇಜು ತಪ್ಪಿಸ್ತಿದ್ದೆಯಾ, ಕಳ್ಳ? ತಾಯಿಗೆ ಸುಳ್ಳು ಹೇಳ್ತಿದ್ದೆಯಾ?" ಎಂದೆ. ಹನ್ನೆರಡು ವರ್ಷದಲ್ಲಿ ಮೊದಲ ಸಲ ಅವನ ಜೊತೆ ಜಗಳವಾಡಿದೆ. ಮನಸ್ಸು ಸ್ವಲ್ಪ ಹಗುರವಾಯಿತು.

ಪ್ರತಿಷ್ಠೆಗೆ ಬಂದಿದ್ದೆ. ನಿನಗೆ ಹೇಳಲಿಲ್ಲ. ಮಾರ್ಗೂಶ್ ಹೊರಗೆ ನಿಂತಳು, ನಾನು ಜನರ ಜೊತೆ ಒಳಗೆ ನುಗ್ಗಿದೆ. ಅಷ್ಟು ದೊಡ್ಡದಿರುತ್ತದೆಂದು ನಾನು ಅಂದುಕೊಂಡಿರಲಿಲ್ಲ. ನೀನು ಬರೆದಂಥ ಬೆಳಕೇ ಇತ್ತು. ಎಡಗಡೆ ಗೋಡೆಯ ಪಕ್ಕದಲ್ಲೇ ನಡೆದೆ, ಕೈಗೆ ಎಟುಕಿದ ಕಲ್ಲನ್ನೆಲ್ಲ ಮುಟ್ಟಿದೆ. ಯಾವುದೆಂದು ಹೇಗೆ ತಿಳಿಯಬೇಕು, ಎಲ್ಲ ಒಂದೇ ಥರ. ಕಾವಲಿನವನೊಬ್ಬ ಬಂದು, "ಅಜ್ಜಿ, ಏನು ಹುಡುಕ್ತಾ ಇದ್ದೀರಾ?" ಎಂದ.

"ನನ್ನ ಮಗನ್ನ."

"ಎಷ್ಟು ವರ್ಷದವನು?"

"ಹದಿನೆಂಟು."

"ಹಾಗಾದ್ರೆ ಹೆದರ್ಬೇಡಿ, ಅವನೇ ಬರ್ತಾನೆ ಬಿಡಿ" ಎಂದು ಬೆಂಚಿನ ಮೇಲೆ ಕೂರಿಸಿದ. ಒಳ್ಳೆಯ ಹುಡುಗ.

ಅಲ್ಲಿಂದ ನಿನ್ನನ್ನು ನೋಡಿದೆ. ಪೂಜಾಪೀಠಕ್ಕೆ ಬೆನ್ನು ತೋರಿಸಬಾರದೆಂದು ನಮ್ಮಪ್ಪ ಕಲಿಸಿದ ಹಾಗೆಯೇ ನೀನು ಹಿಂದೆ ಹಿಂದೆ ಹೆಜ್ಜೆಯಿಡುತ್ತಾ ಹೊರಗೆ ಹೋಗುತ್ತಿದ್ದೆ. ತುಂಬ ಸೊರಗಿದ್ದೀ. ನನ್ನ ಪಕ್ಕದಲ್ಲೇ ಹಾದುಹೋದೆ. ನೀನು ಒಂದು ಸಲ ತಲೆ ತಿರುಗಿಸಿದ್ದರೆ ನಾನು ಕಾಣುತ್ತಿದ್ದೆ. ನಾನೂ ಕರೆಯಲಿಲ್ಲ.

ಕ್ಷಮಿಸಿದ್ದೇನೆ ಎಂದು ಬರೆಯಲಾರೆ. ಇನ್ನೂ ಇಲ್ಲ. ಬರೆದರೆ ಅದೂ ನಮ್ಮ ಸುಳ್ಳುಗಳ ಜೊತೆ ಸೇರುತ್ತದೆ.

ಆದರೆ ಒಂದು ಕೆಲಸವಿದೆ. ಯಾರೂ ನೋಡದ ಕಡೆ, ಗೋಡೆಯ ಒಳಗೆ ನೀನು ಅವನ ಹೆಸರು ಬರೆದೆ. ನಾನು ದಿನವೂ ನೋಡುವ ಕಡೆ ಬರೆಯಲಿಲ್ಲ. ಇನ್ನೊಂದು ಮಾತು. ಆ ದಿನ ಹಿಮದಲ್ಲಿ ನಿನಗೆ ದಿಕ್ಕು ತಪ್ಪಿತೋ, ಕಣ್ಣಲ್ಲಿ ನೀರಿತ್ತೋ, ನನಗೆ ಗೊತ್ತಿಲ್ಲ. ನಿನ್ನ ಕಲ್ಲಿನ ಮುಖ ಪೂರ್ವಕ್ಕಿದೆ ಮೆಸ್ರೋಪ್. ಹನ್ನೆರಡು ವರ್ಷ ನಾನು ಸೂರ್ಯನಿಗೆ ಬೆನ್ನು ಹಾಕಿ ನನ್ನ ಮಗನ ಮುಂದೆ ನಿಂತಿದ್ದೇನೆ. ಯಾರಿಗಾದರೂ ಹೇಳಿ ತಿರುಗಿಸಿಬಿಡಬಹುದಿತ್ತು. ತಿರುಗಿಸಿದರೆ ನನಗೆ ಗೊತ್ತೆಂದು ನಿನಗೆ ಗೊತ್ತಾಗುತ್ತಿತ್ತು.

ಡಿಸೆಂಬರ್ ಏಳು ಈ ಸಲ ಶುಕ್ರವಾರ. ಸತ್ತವರ ಪ್ರಾರ್ಥನೆಗೆ ಅವನ ಹೆಸರು ಓದಲು ಪಾದ್ರಿಗಳಿಗೆ ಕೊಟ್ಟಿದ್ದೇನೆ. ಬೆಳಿಗ್ಗೆಯ ಬಸ್ಸಿಗೆ ಬಾ. ಹಾರೆ ತಾ, ಮಾರ್ಗೂಶಳ ಮಗ ಕೈಜೋಡಿಸುತ್ತಾನೆ. ಕಚೇರಿಯವರು ವಸಂತಕ್ಕೆ ಇನ್ನೊಂದು ಪಟ್ಟಿ ಮಾಡುತ್ತಾರಂತೆ. ಆ ಮಾತು ಆಮೇಲೆ, ಮೊದಲು ಕಲ್ಲು ತಿರುಗಲಿ.

ಹೆಸರು ನಿನ್ನ ಹಕ್ಕಿಹೆಜ್ಜೆಗಿಂತ ದೊಡ್ಡದಾಗಿರಲಿ, ಕನ್ನಡಕವಿಲ್ಲದೆಯೂ ನನಗೆ ಕಾಣಬೇಕು. ಅವನು ನಿನಗೆಂದು ತರುತ್ತಿದ್ದ ಆ ಉಳಿಯನ್ನು ತಾ. ಅದರಲ್ಲೇ ಕೆತ್ತು.

ನಿನ್ನ ಅಕ್ಕ
ಹೈಕಾನುಶ್